ಹೊಸ ಸೂಜಿಗೆ ಹಿಡಿದ ನೆಗಡಿ

ನಮ್ಮ ಮನೆಯಲ್ಲಿ ಒಂದು ಸಾಮಾನು ಕೆಟ್ಟರೆ ಅದು ಸುಮ್ಮನೆ ಕೆಟ್ಟು ಕೂರುವುದಿಲ್ಲ. ನಾಲ್ಕು ಜನರನ್ನು ಮನೆಗೆ ಕರೆಸಿ, ನನ್ನನ್ನು ಎಲ್ಲರೆದುರು ನಗೆಪಾಟಲು ಮಾಡಿ, ಆಮೇಲೇ ಸರಿಹೋಗುವುದು. ಗೀಸರ್ ಕೆಟ್ಟಾಗ ಹಾಗಾಯಿತು, ಸ್ಕೂಟರ್ ಕೆಟ್ಟಾಗಲೂ ಹಾಗೇ ಆಯಿತು. ಇದರಿಂದ ನಾನೇನಾದರೂ ಬುದ್ಧಿ ಕಲಿತೆನೇ ಅಂದರೆ, ಇಲ್ಲ. ಆದರೆ ರೆಕಾರ್ಡ್ ಪ್ಲೇಯರಿನ ಕಥೆ ಇವೆಲ್ಲಕ್ಕಿಂತ ಒಂದು ಕೈ ಮೇಲು, ಏಕೆಂದರೆ ಅದರೊಳಗೆ ನಮ್ಮ ಅತ್ತೆ ಸಿಕ್ಕಿಹಾಕಿಕೊಂಡಿದ್ದರು.

ಅತ್ತೆ ಅಂದರೆ ಅವರ ದನಿ. ನನ್ನ ಹೆಂಡತಿಯ ತಾಯಿ ವಯಸ್ಸಿನಲ್ಲಿದ್ದಾಗ ಒಂದು ಹಸೆಹಾಡು ಹಾಡಿದ್ದರು, ಯಾವುದೋ ಚಿಕ್ಕ ಕಂಪನಿಯವರು ಅದನ್ನು ಅಂಗೈಯಗಲದ ರೆಕಾರ್ಡು ಮಾಡಿದ್ದರು. ಅವರ ಸ್ವಂತ ಪ್ರತಿಯನ್ನು ಯಾರೋ ಮದುವೆಗೆ ಅಂತ ಕೇಳಿ ಒಯ್ದು ಇವತ್ತಿಗೂ ‘ನಾಳೆ ತಂದುಕೊಡ್ತೀವಿ’ ಅನ್ನುತ್ತಿದ್ದಾರೆ. ಉಳಿದ ಒಂದೇ ಒಂದು ಪ್ರತಿ ಸರೋಜಿನಿ ನಗರದ ನಮ್ಮ ಸರ್ಕಾರಿ ಕ್ವಾರ್ಟರ್ಸಿನ ಟ್ರಂಕಿನಲ್ಲಿ, ಹೆಂಡತಿಯ ಮದುವೆ ಸೀರೆಯ ಮಡಿಕೆಯೊಳಗೆ ಇತ್ತು. ನಾನು ಬ್ರಹ್ಮಚಾರಿಯಾಗಿದ್ದಾಗ ಕೊಂಡ ಪ್ಲೇಯರೂ ಇತ್ತು. ಇಲ್ಲದ್ದು ಒಂದೇ, ಕಾರ್ಟ್ರಿಜ್ಜು. ಪ್ಲೇಯರಿನ ತೋಳಿನ ತುದಿಯಲ್ಲಿ ಸೂಜಿ ಹಿಡಿದುಕೊಂಡು ಕೂರುವ, ಹೆಬ್ಬೆರಳ ಉಗುರಿನಷ್ಟು ದೊಡ್ಡ ಡಬ್ಬಿ ಅದು. ನಮ್ಮದು ಸತ್ತು ಎಷ್ಟೋ ವರ್ಷವಾಗಿತ್ತು.

ದಿಲ್ಲಿಯಲ್ಲಿ ಮೆಟ್ರೋ ಹೊಸದಾಗಿ ಓಡುತ್ತಿದ್ದ ಕಾಲ. ಒಂದು ದಿನ ಅತ್ತೆಯ ಫೋನು ಬಂತು. “ಕಾರ್ತಿಕ ಮುಗಿಸ್ಕೊಂಡು ಬರ್ತೀನಿ. ಆ ರೆಕಾರ್ಡು ಒಂದ್ಸಲ ಕೇಳ್ಬೇಕು. ನಿಮ್ಮಪ್ಪ ಹೋದ ಮೇಲೆ ಕೇಳೇ ಇಲ್ಲ ಕಣೇ” ಅಂದರು ಮಗಳಿಗೆ.

“ಕೇಳಿಸ್ತೀವಮ್ಮ. ಇವರು ಸರಿ ಮಾಡಿಸ್ತಾರೆ” ಅಂದಳು ನನ್ನ ಹೆಂಡತಿ, ನನ್ನನ್ನು ಒಂದು ಮಾತೂ ಕೇಳದೆ.

ಫೋನು ನನ್ನ ಕೈಗೆ ಬಂತು. “ಕೊನೇ ತನಕ ಸರಿಯಾಗಿ ಕೇಳಿಸುತ್ತಾ ಅಳಿಯಂದಿರೇ? ಕಟ್ಟಕಡೇ ತನಕ?”

“ತಟ್ಟೆ ನಿಲ್ಲೋ ತನಕ ಕೇಳಿಸುತ್ತೆ ಅತ್ತೆ. ನನ್ನ ಜವಾಬ್ದಾರಿ” ಅಂದುಬಿಟ್ಟೆ. ಬಾಯಿ ನನ್ನದಾದರೂ ನನ್ನ ಮಾತು ಕೇಳುವುದಿಲ್ಲ.

೧. ಬಾಗಿಲಲ್ಲೇ ಬಿದ್ದ ಸೀನು

ಶನಿವಾರ ರಜೆ. ಹಳೇ ದಿಲ್ಲಿಯ ಎಲೆಕ್ಟ್ರಾನಿಕ್ಸ್ ಬಜಾರಿಗೆ ಹೋಗಿ ಕಾರ್ಟ್ರಿಜ್ ತರೋಣವೆಂದು ಚಪ್ಪಲಿ ಮೆಟ್ಟಿದೆ. ಒಳಗಿಂದ ಮಗಳು ಒಂದು ಸೀನು ಸೀನಿದಳು. ಹನ್ನೆರಡನೇ ಕ್ಲಾಸಿನ ಹುಡುಗಿ, ಸೀನುವುದನ್ನು ಮಾತ್ರ ಅವರಜ್ಜನ ಹಾಗೆ ಇಡೀ ಕಾಲೊನಿಗೆ ಕೇಳುವಂತೆ ಸೀನುತ್ತಾಳೆ.

“ರೀ, ಒಂಟಿ ಸೀನು! ಹೊರಡಬೇಡಿ, ಕೂತ್ಕೊಳ್ಳಿ” ಅಂದಳು ಹೆಂಡತಿ. ಹೊರಡುವಾಗ ಒಂದೇ ಸೀನು ಬಿದ್ದರೆ ಕೆಲಸ ಕೆಡುತ್ತದೆ, ಎರಡು ಬಿದ್ದರೆ ದೋಷವಿಲ್ಲ. ಇದು ಅವಳ ತವರಿನ ಕಾನೂನು. ತಿದ್ದುಪಡಿಗೆ ಅವಕಾಶವಿಲ್ಲ.

“ಮಮ್ಮಿ, ಯೇ ತೋ ಡಸ್ಟ್ ಅಲರ್ಜಿ ಹೈ! ಶಕುನ ಅಲ್ಲ” ಅಂದಳು ಮಗಳು.

“ಅಲರ್ಜಿ ಆದ್ರೆ ಇನ್ನೊಂದು ಸೀನು ನೋಡೋಣ.”

ಮಗಳು ಟ್ಯೂಬ್‌ಲೈಟನ್ನು ದುರುಗುಟ್ಟಿ ನೋಡಿದಳು, ಪೇಪರಿನ ಚೂರು ಹೊಸೆದು ಮೂಗಿಗೆ ಹಾಕಿಕೊಂಡಳು. ಊಹೂಂ. ಬೇಡವಾದಾಗ ಬರುವ ಸೀನು ಬೇಕಾದಾಗ ಬರುತ್ತದೆಯೇ? ಕೊನೆಗೆ ನಾನು ಕುರ್ಚಿಯಲ್ಲಿ ಕೂತು, ಒಂದು ಲೋಟ ನೀರು ಕುಡಿದು, ಐದು ನಿಮಿಷ ತಪಸ್ಸು ಮಾಡಿ ಹೊರಟೆ. ಅಷ್ಟರಲ್ಲಿ ಬಸ್ಸು ಹೋಗಿತ್ತು.

ಬಜಾರಿನಲ್ಲಿ ನಾಲ್ಕು ಅಂಗಡಿಯವರು ನನ್ನ ಮುಖ ನೋಡಿ ನಕ್ಕರು. ಐದನೆಯವನು ಊಟದ ಡಬ್ಬಿ ಬಿಚ್ಚುತ್ತಾ, “ರೆಕಾರ್ಡ್ ಪ್ಲೇಯರ್? ಬಜಾಯಿಸೋಕಾ, ಶೋಕೇಸಲ್ಲಿ ಇಡೋಕಾ ಸಾಬ್?” ಅನ್ನುವ ಅರ್ಥದಲ್ಲಿ ಏನೋ ಅಂದ. ಬಜಾಯಿಸೋಕೆ ಅಂದೆ. ಅವನಿಗೆ ನನ್ನ ಮೇಲೆ ಕನಿಕರ ಹುಟ್ಟಿತು. ಏಣಿ ಹತ್ತಿ, ಮೇಲಿನ ಗೂಡಿನಿಂದ ಪುಟ್ಟ ಪೆಟ್ಟಿಗೆಯೊಂದನ್ನು ಇಳಿಸಿ, ಉಫ್ ಎಂದು ಧೂಳು ಊದಿ, “ಬಿಲ್ಕುಲ್ ನಯಾ, ಹೊಚ್ಚ ಹೊಸದು” ಅಂದ.

“ಗ್ಯಾರಂಟಿ ಇದೆಯಾ ಭಯ್ಯಾ?”

“ಪೂರಾ ಗ್ಯಾರಂಟಿ ಸಾಬ್. ನೀವು ನನ್ನ ಅಂಗಡಿ ಮೆಟ್ಟಿಲು ಇಳಿಯೋ ತನಕ.”

ಮೆಟ್ಟಿಲು ಒಂದೇ ಇತ್ತು.

೨. ಪೂಜೆಗೆ ಮುಂಚೆ ಮುಟ್ಟಬೇಡಿ

ನಾಲ್ಕು ತಂತಿ, ಒಂದೊಂದೂ ಕೂದಲೆಳೆಯಷ್ಟು. ಹೆಂಡತಿಯ ಹುಬ್ಬು ತಿದ್ದುವ ಚಿಮಟ ಕದ್ದು ತಂದು, ಉಸಿರು ಬಿಗಿಹಿಡಿದು, ಎರಡು ಗಂಟೆ ಕೂತು ಕಾರ್ಟ್ರಿಜ್ ಕೂರಿಸಿದೆ. ಮಗಳು ರೆಕಾರ್ಡು ಹಿಡಿದುಕೊಂಡು ಓಡಿ ಬಂದಳು. “ಪಪ್ಪಾ, ಹಾಕೋಣ?”

“ಮುಟ್ಟಿದ್ರೆ ನೋಡು! ಇನ್ನು ನಾಲ್ಕು ದಿನಕ್ಕೆ ಆಯುಧಪೂಜೆ. ಹೊಸ ಸಾಮಾನು ಪೂಜೆ ಆಗದೆ ಚಾಲೂ ಮಾಡೋದಿಲ್ಲ ನಾನು.”

ಹೆಂಡತಿ ಕೂಡ, “ಒಂದ್ಸಲ ಕೇಳಿ ನೋಡ್ಬಹುದಿತ್ತೇನೋ” ಅಂದಳು. ಸೀನಿಗೆ ನನ್ನನ್ನು ಕೂರಿಸಿದವಳಿಗೆ ನಾನು ಈಗ ಬಿಟ್ಟುಕೊಡುವೆನೇ? ಶಾಸ್ತ್ರ ಅಂದರೆ ಶಾಸ್ತ್ರ ಅಂದೆ.

ಆಯುಧಪೂಜೆಯನ್ನು ನಾವು ದಿಲ್ಲಿಯಲ್ಲೂ ಬಿಟ್ಟಿಲ್ಲ. ಸ್ಕೂಟರು, ಮಿಕ್ಸಿ, ಹೊಲಿಗೆ ಯಂತ್ರ, ಕಂಪ್ಯೂಟರು, ಪ್ಲೇಯರು, ಎಲ್ಲಕ್ಕೂ ಗಂಧ ಕುಂಕುಮ ಹೂವು ಏರಿಸಿದ್ದು ಮನೆಯ ಯಜಮಾನನಾದ ನಾನೇ. ಮಂಗಳಾರತಿ ಆಯಿತು. ರೆಕಾರ್ಡು ಇಟ್ಟೆ, ತೋಳು ಇಳಿಸಿದೆ, ಕೈಮುಗಿದು ನಿಂತೆ.

ಅತ್ತೆ ಹಾಡಿದರು. ಆದರೆ ಪಕ್ಕದ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ಮೇಲೊಂದು ಕಂಬಳಿ ಹೊದ್ದುಕೊಂಡು ಹಾಡಿದ ಹಾಗಿತ್ತು. ಮಾತೆಲ್ಲ ಮೂಗಿನಲ್ಲೇ ಸುತ್ತುತ್ತಿತ್ತು.

“ಇದು ನಮ್ಮಮ್ಮನಾ?” ಅಂದಳು ಹೆಂಡತಿ. ಅವಳ ಮುಖ ನೋಡಲಾಗಲಿಲ್ಲ.

“ಅವತ್ತು ನೆಗಡಿ ಆಗಿತ್ತೇನೋ.”

“ನಮ್ಮಮ್ಮ ನೆಗಡಿಯಲ್ಲಿ ಹಾಡಿದ್ರೂ ಬೀದಿ ಕೊನೇ ಮನೆಗೆ ಕೇಳ್ಸುತ್ತೆ!”

ಅನುಮಾನ ಬೇಡವೆಂದು ಬೇರೆ ರೆಕಾರ್ಡು ಹಾಕಿದೆ. ಗಂಡಸಿನ ದನಿ, ಅದೂ ಗೊಣ ಗೊಣ. ಮೂರನೆಯದು ಬರೀ ವೀಣೆ. ಅದಕ್ಕೂ ಮೂಗು ಕಟ್ಟಿತ್ತು.

ಮಗಳು ನಿಧಾನವಾಗಿ ಹೇಳಿದಳು: “ಪಪ್ಪಾ, ಅಜ್ಜಿಯಿಂದ ಎಲ್ಲರಿಗೂ ಹರಡಿದೆ.”

೩. ಮೇಲಿನ ಮನೆಯವರ ಔಷಧಿ

ಮೇಲಿನ ಮಹಡಿಯಲ್ಲಿ ಇನ್ನೊಂದು ಇಲಾಖೆಯ ಅಧಿಕಾರಿ. ನನಗಿಂತ ಎರಡು ಗ್ರೇಡ್ ಮೇಲೆ ಇದ್ದದ್ದರಿಂದ ಅವರು ಹೇಳಿದ್ದಕ್ಕೆ ಬೇಡ ಅನ್ನುವಂತಿರಲಿಲ್ಲ. ಬಂದವರೇ ಒಂದು ಕ್ಷಣ ಕೇಳಿ ತೀರ್ಪು ಕೊಟ್ಟರು: “ವಜನ್ ಕಮ್ ಹೈ. ತೂಕ ಸಾಲದು, ಸೂಜಿ ಮೇಲೆ ತೇಲ್ತಿದೆ.” ಜೇಬಿನಿಂದ ಎಂಟಾಣೆ ತೆಗೆದು ತೋಳಿನ ತಲೆಯ ಮೇಲಿಟ್ಟರು. ಅತ್ತೆಯ ದನಿ ಇನ್ನೂ ಒಂದು ಕೋಣೆ ಹಿಂದಕ್ಕೆ ಹೋಯಿತು. ಅದರ ಮೇಲೆ ಇನ್ನೊಂದು ನಾಣ್ಯ ಇಟ್ಟರು. ಅತ್ತೆ ನಿಧಾನವಾದರು, ಗಂಡುದನಿಯಾದರು. ನನಗೆ ರೆಕಾರ್ಡಿನ ಮೈ ಗೀರೀತೆಂದು ಭಯ, ಆದರೆ ಎರಡು ಗ್ರೇಡ್ ಎಂದರೆ ಎರಡು ಗ್ರೇಡ್. ಮೂರನೆಯ ನಾಣ್ಯಕ್ಕೆ ತಟ್ಟೆ ತಿರುಗುವುದೇ ನಿಂತುಹೋಯಿತು.

ಮನೆಯೆಲ್ಲ ನಿಶ್ಶಬ್ದ. ಅವರು ಹೆಮ್ಮೆಯಿಂದ ನನ್ನ ಬೆನ್ನು ತಟ್ಟಿದರು. “ಅಬ್ ದೇಖಿಯೇ, ಗೊರಗೊರ ಶಬ್ದ ಬಿಲ್ಕುಲ್ ಖತಂ!”

೪. ಆಕ್ಷೇಪಣೆ ಇಲ್ಲದ ಫೈಲು

ನಾನು ಸೆಕ್ಷನ್ ಆಫೀಸರು. ಏನೇ ಯೋಚನೆ ಬಂದರೂ ನೋಟ್ ಶೀಟಿನ ಮೇಲೆ ಅಂಕಿ ಹಾಕಿ ಬರೆಯದೆ ನನಗೆ ಯೋಚನೆ ಸಾಗುವುದಿಲ್ಲ. ಒಂದು ಮಧ್ಯಾಹ್ನ ಆಫೀಸಿನಲ್ಲಿ ಕೂತು ಬರೆದೆ. ಒಂದು: ನೂತನ ಕಾರ್ಟ್ರಿಜ್‌ನ ಧ್ವನಿ ತೃಪ್ತಿಕರವಾಗಿಲ್ಲ. ಎರಡು: ತೂಕ ಪರಿಶೀಲಿಸಲಾಗಿದೆ, ಪ್ರಯೋಜನವಾಗಿಲ್ಲ, ತಂತಿ ಮತ್ತು ಕೋನದ ಪರಿಶೀಲನೆ ಬಾಕಿ ಇದೆ. ಮೂರು: ಅತ್ತೆಯವರು ಕಾರ್ತಿಕ ಮುಗಿದೊಡನೆ ಆಗಮಿಸಲಿರುವುದರಿಂದ ವಿಷಯ ತುರ್ತು. ಆದೇಶಕ್ಕಾಗಿ ಸಲ್ಲಿಸಿದೆ. ಅಭ್ಯಾಸಬಲ, ಕೆಳಗೆ ರುಜು ಕೂಡ ಹಾಕಿದೆ.

ಆ ಹಾಳೆ ಕುರ್ಚಿ ಮೇಜು ಖರೀದಿಯ ಫೈಲಿನೊಳಗೆ ಸೇರಿ ಮೇಲಕ್ಕೆ ಹೋಗಿಬಿಟ್ಟಿತು.

ಹನ್ನೊಂದು ದಿನದ ಮೇಲೆ ಫೈಲು ವಾಪಸು ಬಂತು. ಅಂಡರ್ ಸೆಕ್ರೆಟರಿ ಬರೆದಿದ್ದರು: “ಪ್ಯಾರಾ ಮೂರನ್ನು ಪೂರ್ಣವಾಗಿ ಒಪ್ಪುತ್ತೇನೆ. ನಿಜಕ್ಕೂ ತುರ್ತು.” ಅವರ ಮೇಲಿನವರು: “ಪೂರ್ವನಿದರ್ಶನ ಇದೆಯೇ?” ಹಣಕಾಸಿನವರು: “ವೆಚ್ಚ ಇಲ್ಲದಿದ್ದಲ್ಲಿ ಆಕ್ಷೇಪಣೆ ಇಲ್ಲ.” ಕಟ್ಟಕಡೆಗೆ ಜಾಯಿಂಟ್ ಸೆಕ್ರೆಟರಿಯವರ ಹಸಿರು ಶಾಯಿ, ಎರಡೇ ಮಾತು: “ಪ್ಲೀಸ್ ಸ್ಪೀಕ್.” ಅಂದರೆ ಖುದ್ದು ಬಂದು ಮಾತಾಡಿ ಅಂತ. ಸರ್ಕಾರಿ ನೌಕರಿಯಲ್ಲಿ ಇದಕ್ಕಿಂತ ಭಯಂಕರವಾದ ವಾಕ್ಯ ಇಲ್ಲ.

ಹೋದೆ. ಕೋಟಿನ ಗುಂಡಿ ಮೂರು ಸಲ ನೋಡಿಕೊಂಡೆ. ಸಾಹೇಬರು ಬಾಗಿಲು ಮುಚ್ಚುವಂತೆ ಸನ್ನೆ ಮಾಡಿದರು. ಮುಗಿಯಿತು ನನ್ನ ಪೆನ್ಷನ್ನು ಅಂದುಕೊಂಡೆ. ಅವರು ಮುಂದಕ್ಕೆ ಬಾಗಿ ಪಿಸುಗುಟ್ಟಿದರು:

“ನನ್ನ ಹತ್ರಾನೂ ಒಂದು ಪ್ಲೇಯರ್ ಇದೆ. ಎಂಟು ವರ್ಷದಿಂದ ಎಡಗಡೆ ಸ್ಪೀಕರ್ ಮಾತಾಡ್ತಿಲ್ಲ. ನಿಮ್ಮದು ತಂತಿ ನೋಡಿ ಮೊದಲು. ಸರಿ ಹೋದ್ರೆ ನನಗೆ ಹೇಳಿ. ಹೆಂಡತಿ ಗುಜರಿಗೆ ಹಾಕೋ ಮೊದಲು.”

ತಂತಿ ನೋಡಿದೆ, ಸರಿಯಾಗಿಯೇ ಇದ್ದವು. ಆದರೂ ಮನಸ್ಸಿಗೆ ಹುರುಪು ಬಂತು. ನನ್ನ ಇಡೀ ಸರ್ವಿಸಿನಲ್ಲಿ ಆಕ್ಷೇಪಣೆ ಇಲ್ಲದೆ ಅಷ್ಟು ಮೇಲೆ ಹೋದ ನೋಟು ಅದೊಂದೇ. ಕುರ್ಚಿ ಮೇಜು ಇನ್ನೂ ಬಂದಿಲ್ಲ.

೫. ಅರ್ಧ ಡಿಗ್ರಿ

ಇನ್ನು ಉಳಿದದ್ದು ಕೋನ. ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಸಿಕ್ಕ ಒಬ್ಬ ತರುಣ, ಹೌಜ್ ಖಾಸಿನ ಕಡೆಯ ಎಂಜಿನಿಯರಿಂಗ್ ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದವನು, “ನಾನು ನೋಡ್ತೀನಿ ಸಾರ್” ಅಂದ. ಮುನಿರ್ಕಾದ ಬಾಡಿಗೆ ಕೋಣೆಯಿಂದ ಭಾನುವಾರ ಸರಿಯಾಗಿ ಹನ್ನೆರಡಕ್ಕೆ ಬಂದ. ಕೋನಮಾಪಕ, ಸ್ಕೇಲು, ಟಾರ್ಚು, ಗೆರೆ ಎಳೆದ ಕಾಗದ, ಏನು ತಯಾರಿ! ಒಂದು ಗಂಟೆ ನೆಲದ ಮೇಲೆ ಮಲಗಿ ಅಳೆದು, “ಅರ್ಧ ಡಿಗ್ರಿ ಆಚೆ ಇದೆ” ಅಂದ. ತಿರುಪು ಸಡಿಲಿಸಿದ, ಬಿಗಿ ಮಾಡಿದ. ಬಿಸಿಬೇಳೆಬಾತು ಉಂಡು ಹೋದ. ದನಿ ಹಾಗೇ ಇತ್ತು.

ಮುಂದಿನ ಭಾನುವಾರ ಅರ್ಧ ಡಿಗ್ರಿ ಈಚೆ ಬಂದಿತ್ತು. ಹುಳಿ, ಪಲ್ಯ, ಹಪ್ಪಳ. ಮೂರನೆಯ ಭಾನುವಾರ ಮತ್ತೆ ಆಚೆ. ತೊವ್ವೆ, ಶಾವಿಗೆ ಪಾಯಸ. ನನಗೆ ಒಳಗೊಳಗೇ ಸಂಶಯ ಶುರುವಾಯಿತು.

“ನೋಡೇ, ಇವನು ಬೇಕಂತಲೇ ಅರ್ಧರ್ಧ ಡಿಗ್ರಿ ಮಾಡ್ತಿದ್ದಾನೆ” ಅಂದೆ ಅಡುಗೆಮನೆಯಲ್ಲಿ.

“ಮಾಡ್ಲಿ ಬಿಡ್ರೀ. ಆ ಮೆಸ್ಸಿನ ರಾಜ್ಮಾ ತಿಂದು ತಿಂದು ಮುಖ ಹೇಗಾಗಿದೆ ನೋಡಿ. ಈ ವಾರ ಹೋಳಿಗೆ ಮಾಡ್ತೀನಿ, ಇಡೀ ಡಿಗ್ರಿ ಸರಿ ಮಾಡ್ಲಿ.”

ನಾಲ್ಕನೆಯ ಭಾನುವಾರ ಅವನು ಮೂರನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದಾಗ, ಅಲ್ಲಿಯ ತನಕ ಕೇಳಬೇಕೆಂದೇ ಹೊಳೆಯದ ಪ್ರಶ್ನೆಯನ್ನು ಕೇಳಿದೆ.

“ಅಂದ ಹಾಗೆ, ನಿಮ್ಮ ಪಿಎಚ್‌ಡಿ ಯಾವುದರ ಮೇಲಪ್ಪ? ಎಲೆಕ್ಟ್ರಾನಿಕ್ಸಾ?”

“ಅಲ್ಲ ಸಾರ್. ಜೇಡಿಮಣ್ಣು.”

೬. ಅತ್ತೆ ಬಂದರು

ಡಿಸೆಂಬರಿನ ಮೊದಲ ವಾರ ಅತ್ತೆ ಬಂದಿಳಿದರು. ಎರಡು ಚೀಲದಲ್ಲಿ ಚಕ್ಕುಲಿ, ಮೆಂತ್ಯದ ಹಿಟ್ಟು, ಉಪ್ಪಿನಕಾಯಿ. ಕಾಫಿ ಕೂಡ ಕುಡಿಯದೆ, “ಎಲ್ಲಿ, ಹಾಕಿ ಅಳಿಯಂದಿರೇ” ಅಂದರು. ಹೆಂಡತಿ ನನ್ನ ಕಡೆ ನೋಡಿದಳು. ನಾನು ಫ್ಯಾನಿನ ಕಡೆ ನೋಡಿದೆ. ಬೇರೆ ದಾರಿ ಇರಲಿಲ್ಲ, ಹಾಕಿದೆ.

ಅತ್ತೆ ಕಂಬಳಿಯೊಳಗಿಂದ ಹಾಡಿದರು. ಎದುರಿಗೆ ಕೂತ ಅತ್ತೆ ತಲೆ ತೂಗುತ್ತಾ ಕೇಳಿದರು. ಹಾಡು ಮುಗಿಯುತ್ತಾ ಬಂದಾಗ ಅವರು ಕುರ್ಚಿಯ ಅಂಚಿಗೆ ಬಂದು, ಕಿವಿಯನ್ನು ಸ್ಪೀಕರಿಗೇ ತಾಗಿಸಿ ಕೂತರು. ಕೊನೆಯಲ್ಲಿ ಎಲ್ಲೋ ಒಳಗೆ ಧೊಪ್ ಅಂತ ಮೂಟೆ ಬಿದ್ದಂಥ ಶಬ್ದ ಬಂದು ತಟ್ಟೆ ಮುಗಿಯಿತು. ಅತ್ತೆ ಹಿಂದಕ್ಕೆ ಒರಗಿದರು.

“ಚೆನ್ನಾಗಿದೆ. ಇಷ್ಟಾದ್ರೂ ಕೇಳಿಸಿದ್ರಲ್ಲ” ಅಂದರು. ಆದರೆ ಆ ಮುಖದಲ್ಲಿ ಏನೋ ಆರಿಹೋಗಿತ್ತು. ನನಗೆ ಬಹಳ ನಾಚಿಕೆಯಾಯಿತು, ಸಂಕಟವೂ ಆಯಿತು. ತಟ್ಟೆ ನಿಲ್ಲೋ ತನಕ ಅಂತ ಮಾತು ಕೊಟ್ಟವನು ನಾನು.

ಮರುದಿನ ಬೆಳಿಗ್ಗೆ ಅತ್ತೆ ಪಂಚಾಂಗ ಓದುವ ಭೂತಗನ್ನಡಿ ಹಿಡಿದು ಪ್ಲೇಯರಿನ ಮುಂದೆ ಕೂತಿದ್ದರು. ಅವರು ಐವತ್ತು ವರ್ಷ ಕಸೂತಿ ಹಾಕಿದವರು. “ಸೂಜಿ ಅಂದ್ಮೇಲೆ ನಾನೂ ಒಂದ್ಸಲ ನೋಡೋದು ಬೇಡ್ವಾ?” ಎಂದು ತೋಳನ್ನು ಎರಡು ಬೆರಳಲ್ಲಿ ಎತ್ತಿ ಕೆಳಗಿನಿಂದ ಇಣುಕಿದರು. ಆಮೇಲೆ ಕೇಳಿದರು:

“ಇದರ ಮೂತಿಗೆ ಗಂಧ ಮೆತ್ತಿದೋರು ಯಾರು?”

ಹೆಂಡತಿ, ಮಗಳು, ಆ ಭಾನುವಾರ ಹನ್ನೆರಡಕ್ಕೆ ಬದಲು ಹತ್ತಕ್ಕೇ ಬಂದಿದ್ದ ಜೇಡಿಮಣ್ಣಿನ ತರುಣ, ಎಲ್ಲರೂ ನನ್ನ ಕಡೆ ತಿರುಗಿದರು.

ನೆನಪಾಯಿತು. ಆಯುಧಪೂಜೆಯ ದಿನ ಎಲ್ಲಕ್ಕೂ ಹಣೆಗೆ ಗಂಧ ಇಡುತ್ತಾ ಬಂದವನು ಇದರ ಹಣೆ ಎಲ್ಲಿ ಎಂದು ಹುಡುಕಿದ್ದೆ. ಬಹಳ ಯೋಚಿಸಿ, ಮುಂದೆ ಚಾಚಿಕೊಂಡ ಆ ಚೂಪು ತುದಿಯೇ ಹಣೆಯೆಂದು ತೀರ್ಮಾನಿಸಿ, ಚಿಕ್ಕ ಸಾಮಾನು ಪಾಪ ಎಂದು ಒಂದು ಬೊಟ್ಟು ಜಾಸ್ತಿಯೇ ಇಟ್ಟಿದ್ದೆ. ಗಂಧ ಒಣಗಿ ಸೂಜಿಯ ಸುತ್ತ ಸಿಮೆಂಟಾಗಿತ್ತು.

“ಏನಪ್ಪಾ, ನಾಲ್ಕು ಭಾನುವಾರ ಟಾರ್ಚು ಬಿಟ್ಟು ನೋಡಿದ್ದೀಯಲ್ಲ, ನಿನಗೂ ಕಾಣಲಿಲ್ವಾ?” ಎಂದು ತರುಣನ ಮೇಲೆ ಹಾರಿದೆ. ಸಿಟ್ಟು ತೀರಿಸಿಕೊಳ್ಳಲು ಇನ್ಯಾರೂ ಇರಲಿಲ್ಲ.

“ಕಂಡಿತ್ತು ಸಾರ್. ಕಂಪನಿಯವರೇ ಹಾಕಿದ ಗೋಂದು ಅಂದ್ಕೊಂಡೆ.”

ಮಗಳು ಚಿತ್ರ ಬರೆಯುವ ತನ್ನ ಅತಿ ಸಣ್ಣ ಬ್ರಷ್ ತಂದಳು. ಔಷಧಿ ಡಬ್ಬಿಯ ಸ್ಪಿರಿಟ್ಟಿನಲ್ಲಿ ಅದ್ದಿ, ಅತ್ತೆ ಮಗುವಿನ ಕಣ್ಣು ಒರೆಸಿದ ಹಾಗೆ ಹಿಂದಿನಿಂದ ಮುಂದಕ್ಕೆ, ಹಿಂದಿನಿಂದ ಮುಂದಕ್ಕೆ ಒರೆಸಿದರು. ಹತ್ತು ನಿಮಿಷ. ಕೋಣೆಯೆಲ್ಲ ದೇವರಮನೆಯ ವಾಸನೆ.

ತೋಳು ಇಳಿಸಿದೆ.

ಅಯ್ಯೋ, ಏನು ದನಿ ಅದು! ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳು ನಮ್ಮ ಕೋಣೆಯ ನಡುವೆ ನಿಂತು ಎದೆ ತುಂಬಿ ಹಾಡುತ್ತಿದ್ದಳು. ಬಳೆ ಸದ್ದು ಕೂಡ ಕೇಳಿಸಿತು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಮಗಳು, “ಅಜ್ಜೀ, ಯೇ ಆಪ್ ಹೋ? ನೀವೇನಾ ಇದು?” ಅಂದಳು. ಅತ್ತೆ ಮಾತ್ರ ಕೈ ಎತ್ತಿ ಸುಮ್ಮನಿರಿ ಅಂದರು. ಅವರಿಗೆ ಹಾಡು ಬೇಕಿರಲಿಲ್ಲ, ಕೊನೆ ಬೇಕಿತ್ತು.

ಹಾಡು ಮುಗಿಯಿತು. ಒಂದು ಕ್ಷಣ ಮೌನ. ಆಮೇಲೆ, ಮನೆಯ ಕಿಟಕಿ ಅದುರುವ ಹಾಗೆ:

“ಆ... ಆ... ಆಕ್ಷೀ!”

“ಅಪ್ಪ!” ಅಂದಳು ನನ್ನ ಹೆಂಡತಿ.

ನಮ್ಮ ಮಾವನವರು. ನಶ್ಯದ ಡಬ್ಬಿ ಬಿಡದ ಮಾವನವರು ಆ ದಿನ ಹೆಂಡತಿಯ ಜೊತೆಗೆ ಸ್ಟುಡಿಯೋಕ್ಕೆ ಹೋಗಿದ್ದರಂತೆ. ಸದ್ದು ಮಾಡಕೂಡದು ಅಂದಿದ್ದಕ್ಕೆ ಮೂರು ನಿಮಿಷ ಮೂಗು ಹಿಡಿದುಕೊಂಡು ನಿಂತಿದ್ದು, ಕೊನೆಯ ಸಾಲು ಮುಗಿಯಿತೋ ಇಲ್ಲವೋ, ಬಿಟ್ಟೇಬಿಟ್ಟರಂತೆ. ಇನ್ನೊಂದು ಸಲ ಹಾಡಿಸಲು ಕಂಪನಿಯವರಿಗೆ ಪುರುಸೊತ್ತಿರಲಿಲ್ಲ. “ಅವತ್ತು ಮನೆಗೆ ಬರೋ ದಾರೀಲೆಲ್ಲ ಬೈದಿದ್ದೆ” ಅಂದರು ಅತ್ತೆ. ನಗುತ್ತಿದ್ದರು, ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. “ಅವರದ್ದು ಅಂತ ಉಳಿದಿರೋ ದನಿ ಇದೊಂದೇ ನೋಡಿ.”

ಅತ್ತೆ ಕಣ್ಣೊರೆಸಿಕೊಂಡು ಹೇಳಿದರು:

“ಒಂಟಿ ಸೀನು ಒಳ್ಳೇದಲ್ಲ. ಇನ್ನೊಂದ್ಸಲ ಹಾಕಿ.”

ಅಲ್ಲಿಂದ ಅದೇ ಕ್ರಮ. ಅತ್ತೆ ಇದ್ದ ಎರಡು ತಿಂಗಳೂ ದಿನಾ ಬೆಳಿಗ್ಗೆ ರೆಕಾರ್ಡು ಹಾಕುವುದು, ಹಾಕಿದರೆ ಎರಡು ಸಲ. ಆಮೇಲೇ ಯಾರಾದರೂ ಹೊರಗೆ ಹೊರಡಬಹುದು. ಜನವರಿಯ ಒಂದು ಶನಿವಾರ ಎಲ್ಲರೂ ಸ್ವೆಟರು, ಶಾಲು, ಚಪ್ಪಲಿ ಹಾಕಿಕೊಂಡು ಸರೋಜಿನಿ ಮಾರ್ಕೆಟ್ಟಿಗೆ ತಯಾರಾದೆವು. ಮಾವನವರು ಒಂದು ಸಲ ಸೀನಿದರು. ಕರೆಂಟು ಹೋಯಿತು.

“ಕೂತ್ಕೊಳ್ಳಿ ಎಲ್ಲಾರೂ” ಅಂದರು ಅತ್ತೆ.

ಮಗಳು, “ಅಜ್ಜೀ, ರೆಕಾರ್ಡಿನ ಸೀನಿಗೂ ಶಕುನ ಇರುತ್ತಾ?” ಎಂದು ಕೇಳಿದಳು.

“ನಿಮ್ಮ ತಾತನ ಸೀನು ಕಣೇ ಅದು. ಬೇರೆ ಯಾರದ್ದೋ ಅಲ್ಲ.”

ನೀರು ಬಂತು. ನಾನು, ಹೆಂಡತಿ, ಮಗಳು, ಅತ್ತೆ, ಜೇಡಿಮಣ್ಣಿನ ತರುಣ, ಐದು ಜನ ಸಾಲಾಗಿ ಸೋಫಾದ ಮೇಲೆ, ಕೈಯಲ್ಲಿ ಒಂದೊಂದು ಸ್ಟೀಲ್ ಲೋಟ ಹಿಡಿದು, ತೀರಿಕೊಂಡು ಆರು ವರ್ಷವಾದ ಮಾವನವರು ಇನ್ನೊಂದು ಸಲ ಸೀನಲಿ ಎಂದು ಕಾಯುತ್ತಾ ಕೂತೆವು.

ಹನ್ನೊಂದೂಕಾಲಿಗೆ ಕರೆಂಟು ಬಂತು. ಮಾವನವರು ಸೀನಿದರು. ನಾವು ಮಾರ್ಕೆಟ್ಟಿಗೆ ಹೊರಟೆವು.